ಕಿವಿಯಿಂದ ಆರಿಸಿದ ಬ್ರೇಕ್ ಪ್ಯಾಡು

ನನ್ನ ತಂಗಿ ತಾನೇ ಆರಿಸಿ, ತರಿಸಿ, ನನ್ನ ಕೈಗಿಟ್ಟ ಬ್ರೇಕ್ ಪ್ಯಾಡುಗಳನ್ನು ನಾನು ಅವಳ ಕಾರಿಗೆ ಹಾಕಲಿಲ್ಲ. ಹಾಕಲಿಲ್ಲ ಎಂದು ಅವಳಿಗೆ ಹೇಳಲೂ ಇಲ್ಲ. ಮೊದಲನೆಯದು ಒಂದು ಮಧ್ಯಾಹ್ನದ ತಪ್ಪು, ಎರಡನೆಯದು ಹನ್ನೊಂದು ತಿಂಗಳ ತಪ್ಪು. ಮೊದಲನೆಯದಕ್ಕೆ ನನ್ನ ಬಳಿ ನೆಪಗಳಿವೆ. ಎರಡನೆಯದಕ್ಕೆ ನೆಪ ಹುಡುಕಿ ಹುಡುಕಿ ಸಾಕಾಗಿ ಇದನ್ನು ಬರೆಯಲು ಕುಳಿತಿದ್ದೇನೆ. ನಾನು ಕಲಿತದ್ದು ಏಳನೇ ಇಯತ್ತೆಯವರೆಗೆ. ಏಳನೆಯದನ್ನು ಪೂರ್ತಿ ಕಲಿತೆ ಎಂದರೆ ನಮ್ಮ ಮಾಸ್ತರರು ಒಪ್ಪಲಿಕ್ಕಿಲ್ಲ. ಹಾಗಾಗಿ ನಡುವೆ ಎಲ್ಲಾದರೂ ವಾಕ್ಯ ಅಲ್ಲಾಡಿದರೆ ಒಂದು ನಟ್ಟು ಸಡಿಲಾಗಿದೆ ಎಂದು ತಿಳಿದು ಮುಂದೆ ಸಾಗಿಬಿಡಿ.

ಬ್ರೇಕ್ ಪ್ಯಾಡು ನೋಡಲು ದೊಡ್ಡ ವಸ್ತುವೇನಲ್ಲ. ಶೇಂಗಾ ಚಿಕ್ಕಿಯ ಗಾತ್ರದ ಒಂದು ಕಬ್ಬಿಣದ ತಗಡು, ಅದಕ್ಕೆ ಅಂಟಿಸಿದ ಒಂದು ಗಡಸು ಪದಾರ್ಥ. ಗಾಲಿಯ ಒಳಗೆ ಡಿಸ್ಕ್ ಎಂಬ ಬೀಡುಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ. ನಾವು ಪೆಡಲು ಒತ್ತಿದಾಗ ಎರಡು ಪ್ಯಾಡು ಆ ತಟ್ಟೆಯನ್ನು ಎರಡೂ ಬದಿಯಿಂದ ಅವುಚಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ಇಷ್ಟೇ. ಆದರೆ ಇಪ್ಪತ್ತೆಂಟು ವರ್ಷದಿಂದ ಬೆಳಗಾವಿಯ ಉದ್ಯಮಬಾಗದಲ್ಲಿ ಗ್ಯಾರೇಜು ನಡೆಸುತ್ತಿರುವ ನನಗೆ ಒಂದು ವಿಚಿತ್ರ ಕಂಡಿದೆ. ಗಾಡಿ ಲೀಟರಿಗೆ ಎಷ್ಟು ಓಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳಿದ ಒಬ್ಬ ಗಿರಾಕಿಯನ್ನೂ ನಾನು ನೋಡಿಲ್ಲ. ಬ್ರೇಕಿನ ಬಗ್ಗೆ ನನ್ನ ಬಾಗಿಲಿಗೆ ಬರುವ ದೂರು ಒಂದೇ ಒಂದು: ಸಪ್ಪಳ.

ಟಿಳಕವಾಡಿಯ ದೇಶಪಾಂಡೆ ಕಾಕಾ ನನ್ನ ಹಳೆಯ ಗಿರಾಕಿ. ಬ್ಯಾಂಕಿನಿಂದ ನಿವೃತ್ತರಾದವರು. ಒಂದು ಸಲ ಅವರ ಗಾಡಿಯ ಬ್ರೇಕು ಕುಂಯ್ ಎನ್ನುತ್ತದೆಂದು ಮೂರು ಸಲ ಬಂದರು.

“ಈರಣ್ಣಾ, ಇನ್ನೂ ಕುಂಯ್ ಅಂತದೋ. ಎರಡನೇ ರೇಲ್ವೆ ಗೇಟಿನ ಹತ್ರ ನಾಕ ಮಂದಿ ತಿರುಗಿ ನೋಡಿದ್ರು.”

“ಗಾಡಿ ನಿಲ್ಲತೈತಿಲ್ರೀ ಕಾಕಾ?”

“ನಿಲ್ಲತದ. ಆದ್ರ ಮಾನಾ ಹೋಗತದಲ್ಲೋ!”

ಅಂದಿನಿಂದ ನಾನು ಪ್ಯಾಡು ಆರಿಸುವುದನ್ನು ಕಿವಿಗೆ ಬಿಟ್ಟೆ. ಮೆತ್ತಗಿನ ಜಾತಿಯ, ಬಾಯಿಲ್ಲದ ಪ್ಯಾಡು ತರಿಸುವುದು. ಹಾಕಿದ ಮೇಲೆ ಗಾಡಿಯನ್ನು ರಸ್ತೆಯ ತಿರುವಿನವರೆಗೆ ಒಯ್ದು ಎರಡು ಸಲ ಬ್ರೇಕು ಒತ್ತಿ, ಕಿಟಕಿಯಿಂದ ಕಿವಿ ಹೊರಗಿಟ್ಟು ಕೇಳುವುದು. ಸಪ್ಪಳವಿಲ್ಲವೇ? ಕೈ ತೊಳೆದುಕೊಳ್ಳುವುದು. ಈರಣ್ಣ ಮಿಸ್ತ್ರಿ ಮುಟ್ಟಿದ ಬ್ರೇಕು ಸೊಲ್ಲೆತ್ತುವುದಿಲ್ಲ ಎಂಬ ಹೆಸರು ಬಂತು. ಆ ಹೆಸರಿನ ಮೇಲೆ ನನಗೆ ನನ್ನ ಅಂಗಡಿಯ ಫಲಕದ ಮೇಲಿನದಕ್ಕಿಂತ ಹೆಚ್ಚು ಮೋಹ.

ಬ್ರೇಕು ಆರಿಸುವ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ತಂಗಿ ಶೈಲಾಗೆ. ನಾವು ಬೆಳೆದದ್ದು ಖಾನಾಪುರದಲ್ಲಿ. ಮಲಪ್ರಭೆಯ ಕಡೆ ಇಳಿಯುವ ರಸ್ತೆಯಲ್ಲಿ ನಮ್ಮಪ್ಪನ ಸೈಕಲ್ಲು ಹತ್ತಿ ನಾವಿಬ್ಬರೂ ಜಾರುತ್ತಿದ್ದೆವು. ನನಗೆ ಹದಿನಾಲ್ಕು, ಅವಳಿಗೆ ಆರು. ಆ ಸೈಕಲ್ಲಿಗೆ ಬ್ರೇಕಿನ ಕಡ್ಡಿಗಳಿದ್ದವು, ರಬ್ಬರು ಇರಲಿಲ್ಲ. ನಿಲ್ಲಿಸಬೇಕೆಂದರೆ ನಾನು ಚಪ್ಪಲಿ ಕಾಲನ್ನು ಮುಂದಿನ ಗಾಲಿಗೆ ಒತ್ತುತ್ತಿದ್ದೆ. ಹಿಂದೆ ಕೂತ ಈ ಪೋರಿ ಕೆಲವೇ ದಿನಗಳಲ್ಲಿ ಲೆಕ್ಕ ಹಾಕಿಬಿಟ್ಟಿದ್ದಳು. ರಬ್ಬರಿನ ಚಪ್ಪಲಿ ಲಗುಬಗೆಯಿಂದ ಹಿಡಿಯುತ್ತದೆ, ಆದರೆ ಇಳಿಜಾರು ಮುಗಿಯುವುದರೊಳಗೆ ಬಿಸಿಯಾಗಿ ವಾಸನೆ ಬರುತ್ತದೆ. ತೊಗಲಿನದು ನಿಧಾನ, ಆದರೆ ಕೊನೆಯವರೆಗೆ ಬಾಳುತ್ತದೆ. ಮಳೆಗಾಲದಲ್ಲಿ ಮಾತ್ರ ನಂಬುವಂತಿಲ್ಲ. “ಅಣ್ಣಾ, ಇವತ್ತ ತೊಗಲಿಂದು ಹಾಕ್ಕೊ” ಎಂದು ಅವಳು ಆಜ್ಞೆ ಮಾಡಿದ ಮೇಲೆಯೇ ನಾವು ಹೊರಡುತ್ತಿದ್ದದ್ದು. ನಮ್ಮಜ್ಜನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. ಗೋವಾ ಕಡೆಯ ಘಟ್ಟ ಇಳಿಯುವಾಗ ಬಂಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ನೆಲಕ್ಕೆ ಎಳೆಸುತ್ತಿದ್ದರಂತೆ. ಯಾವ ಮರ ಕಟ್ಟಬೇಕು, ಎಷ್ಟು ಭಾರದ್ದು ಕಟ್ಟಬೇಕು ಎಂದು ಹಿರಿಯರು ಹೊರಡುವ ಮುಂಚೆ ಅರ್ಧ ದಿನ ವಾದ ಮಾಡುತ್ತಿದ್ದರಂತೆ. ಅಂದರೆ ಈ ಚರ್ಚೆ ನಮ್ಮಲ್ಲಿ ಹಳೆಯದು. ನಡುವೆ ನಾನೊಬ್ಬ ಹುಟ್ಟಿ ಅದನ್ನು ಕಿವಿಯ ವಿಷಯ ಮಾಡಿದೆ.

ಶೈಲಾ ಡಿಪ್ಲೊಮಾ ಕಲಿತಳು. ಈಗ ಉದ್ಯಮಬಾಗದಲ್ಲೇ, ನನ್ನ ಗ್ಯಾರೇಜಿನಿಂದ ಎರಡು ರಸ್ತೆ ಆಚೆ, ಒಂದು ಫೌಂಡ್ರಿಯಲ್ಲಿ ಎರಕದ ಸಾಮಾನು ತಪಾಸಣೆ ಮಾಡುತ್ತಾಳೆ. ಅವಳು ಬೇಡ ಎಂದರೆ ಆ ಸಾಮಾನು ಮತ್ತೆ ಕುಲುಮೆಗೆ. ಮೂರು ವರ್ಷದ ಹಿಂದೆ ಅವಳಿಗೆ ಗಾಡಿಯ ಹುಚ್ಚು ಹತ್ತಿತು. ಖಾನಾಪುರದ ಹೊರಗೆ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆ ಇದೆ. ಅದರ ಮಾಲಕರು ಪಾಟೀಲ ಮಾಮಾ, ಅರವತ್ತು ದಾಟಿದವರು, ಕನ್ನಡದಲ್ಲಿ ಶುರುವಾದ ಮಾತನ್ನು ಮರಾಠಿಯಲ್ಲಿ ಮುಗಿಸುವವರು. ಅವರು ಆ ಬಯಲಿನಲ್ಲಿ ಡಾಂಬರು ಹಾಕಿಸಿ ಸುತ್ತುರಸ್ತೆಯೊಂದನ್ನು ಮಾಡಿದ್ದಾರೆ. ಅದನ್ನು ಎಲ್ಲರೂ ಟ್ರ್ಯಾಕು ಎನ್ನುತ್ತಾರೆ. ಮಳೆಗಾಲ ಬಿಟ್ಟು ತಿಂಗಳಿಗೊಂದು ರವಿವಾರ ಅಲ್ಲಿ ಹತ್ತಾರು ಮಂದಿ ಸೇರುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಕಾಜೂ ವ್ಯಾಪಾರಿ, ಹೀಗೆ. ದಿನವೂ ಓಡಿಸುವ ಅವೇ ಗಾಡಿಗಳನ್ನು ತಂದು, ಹೆಲ್ಮೆಟ್ಟು ಹಾಕಿಕೊಂಡು, ನಡುವೆ ಅಂತರ ಬಿಟ್ಟು ಒಬ್ಬರ ಹಿಂದೆ ಒಬ್ಬರು ಜೋರಾಗಿ ಸುತ್ತುತ್ತಾರೆ. ಪಕ್ಕದವರನ್ನು ಸೋಲಿಸುವುದಲ್ಲ, ಹೋದ ತಿಂಗಳ ತಮ್ಮ ಸಮಯವನ್ನು ಸೋಲಿಸುವುದು. ಹೊರಟಲ್ಲಿಗೇ ಬಂದು ಮುಟ್ಟಲು ಇಷ್ಟು ಅವಸರವೇಕೆ ಎಂದು ನಾನು ಕೇಳಿದ್ದೆ. “ನೀ ದಿನಾ ಮುಂಜಾನೆ ವಾಕಿಂಗ್ ಹೋಗಿ ಎಲ್ಲಿ ಮುಟ್ಟತೀಯಣ್ಣಾ?” ಎಂದಳು.

ಅಲ್ಲಿ ಉದ್ದನೆಯ ನೇರ ರಸ್ತೆಯ ಕೊನೆಗೆ ಒಂದು ಕಡಿದಾದ ತಿರುವಿದೆ. ಪ್ರತಿ ಸುತ್ತಿಗೂ ಅಲ್ಲಿ ಬ್ರೇಕನ್ನು ಪೂರ್ತಿ ಒತ್ತಬೇಕು. ಊರೊಳಗೆ ಓಡಿಸುವ ಪ್ಯಾಡು ಇದಕ್ಕೆ ಸಾಲದೆಂದು ಅವಳು ಒಂದು ತಿಂಗಳು ನೋಟುಬುಕ್ಕು ಹಿಡಿದು ಕೂತಳು. ಸಂಜೆ ಚಹಾಕ್ಕೆ ಗ್ಯಾರೇಜಿಗೆ ಬಂದಾಗ ನನಗೆ ಪಾಠ.

“ಪ್ಯಾಡನ್ಯಾಗ ಮೂರ ಜಾತಿ ಅದಾವಣ್ಣಾ. ನೀ ಹಾಕ್ತೀಯಲ್ಲ, ಅದು ತಂಪಿದ್ದಾಗ ಛಲೋ ಹಿಡಿತೈತಿ, ಕಾದ್ರ ಹೊಗಿ ಬಿಟ್ಟು ಜಾರತೈತಿ. ಖರೇಖರೇ ರೇಸಿಂದು ಕಾಯೂಮಟಾ ಹಿಡಿಯೂದನ ಇಲ್ಲ. ಅದನ್ನ ಹಾಕ್ಕೊಂಡು ಮುಂಜಾನೆ ಕೆಲಸಕ್ಕ ಹೊಂಟ್ರ ಮೊದಲನೇ ಸಿಗ್ನಲ್‌ನ್ಯಾಗ ಮುಂದಿನ ರಿಕ್ಷಾಕ್ಕ ಗುದ್ದತೀನಿ.”

“ಮೂರನೇದು?”

“ನಡುವಿಂದು. ಕೆಲಸಕ್ಕೂ ನಡಿತೈತಿ, ಟ್ರ್ಯಾಕಿಗೂ ನಡಿತೈತಿ. ಆದ್ರ ಒದರತೈತಿ. ಧೂಳಾ ಉದರತೈತಿ, ಡಿಸ್ಕು ಲಗೂನ ಸವೀತಾವ. ಸವೀಲಿ ಬಿಡು. ನಿಂತ್ರ ಸಾಕಲ್ಲ ನನಗ?”

ಸಂಕ್ರಾಂತಿ ಮುಗಿದ ವಾರ ಅವಳು ಗಾಡಿಯನ್ನೂ ಪ್ಯಾಡಿನ ಡಬ್ಬಿಯನ್ನೂ ಬಿಟ್ಟುಹೋದಳು. ಹಾಕಲಿಲ್ಲ ಎಂದು ಮೊದಲೇ ಬರೆದೆನಲ್ಲ, ಒಮ್ಮೆ ಹಾಕಿದ್ದೆ, ಸುಳ್ಳಲ್ಲ. ಅವಳು ಚೀಟಿಯಲ್ಲಿ ಬರೆದುಕೊಟ್ಟಂತೆ ರಸ್ತೆಗೆ ಒಯ್ದು ಹತ್ತು ಸಲ ವೇಗದಿಂದ ನಿಧಾನಕ್ಕೆ ತಂದು ಪ್ಯಾಡನ್ನು ಡಿಸ್ಕಿಗೆ ಪಳಗಿಸಿದೆ. ತಿರುಗಿ ಗ್ಯಾರೇಜಿನ ಮುಂದೆ ಬ್ರೇಕು ಒತ್ತಿದಾಗ ಅದು ಎಂಥಾ ಸಪ್ಪಳ ಮಾಡಿತೆಂದರೆ, ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದ ದೇಶಪಾಂಡೆ ಕಾಕಾ ಎದ್ದು ನಿಂತರು.

“ಯಾರದೋ ಇದು? ಹಂದಿ ಒದರಿಧಂಗ ಒದರಲಿಕತ್ತದ!”

“ನಮ್ಮ ತಂಗೀದ್ರೀ.”

“ಅಯ್ಯ, ಸ್ವಂತ ತಂಗಿ ಗಾಡೀದ ಹಿಂಗಾದ್ರ ನಮ್ಮ ಗತಿ ಏನಪಾ ಮಿಸ್ತ್ರಿ?”

ಅವರು ಚಾಷ್ಟಿಗೆ ಅಂದದ್ದು. ಬೆಂಚಿನ ಮೇಲಿದ್ದ ಇನ್ನಿಬ್ಬರು ನಕ್ಕರು. ಕಾಕಾ ಹೋದ ಮೇಲೆ ನಾನು ಜಾಕು ಹಚ್ಚಿ ಆ ಪ್ಯಾಡು ಬಿಚ್ಚಿ ನನ್ನ ಎಂದಿನ ಮೆತ್ತಗಿನ ಪ್ಯಾಡು ಹಾಕಿದೆ. ಡಬ್ಬಿಯನ್ನು ಗೇರ್ ಎಣ್ಣೆಯ ಕ್ಯಾನುಗಳ ಹಿಂದೆ ಇಟ್ಟೆ. ಸಂಜೆ ಅವಳು ಬಂದಾಗ ಹೇಳಬೇಕೆಂದೇ ಇದ್ದೆ. ಅವಳು ಒಂದು ಸುತ್ತು ಓಡಿಸಿ ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಏನಣ್ಣಾ, ಸಪ್ಪಳಾನ ಇಲ್ಲಲ್ಲ?”

ದೇವರು ಇದಕ್ಕಿಂತ ಒಳ್ಳೆಯ ಅವಕಾಶ ಕೊಡಲಾರ. ನಾನು ಅಂದದ್ದು: “ನನ್ನ ಕೈಗುಣಾ.”

“ಖರೇನ ನಿನ್ನ ಕೈಯಾಗ ಏನೋ ಐತಿ ನೋಡು” ಎಂದು ಅವಳು ಹೊರಟುಹೋದಳು.

ಆ ರವಿವಾರ ನಾಲ್ಕನೇ ಸುತ್ತಿನಲ್ಲಿ, ಆ ಕಡಿದಾದ ತಿರುವಿನಲ್ಲಿ, ಪೆಡಲು ಒತ್ತಿದರೆ ಗಾಡಿ ಹಿಡಿಯಲಿಲ್ಲ. ನೇರವಾಗಿ ಹೋಗಿ ಹಳೆಯ ಒಡಕು ಹಂಚುಗಳ ಗುಡ್ಡೆಯನ್ನು ಹತ್ತಿ ನಿಂತಿತು. ಗಾಡಿಯ ಮೂತಿ ಒಳಗೆ ಹೋಗಿತ್ತು, ಶೈಲಾಳ ಎಡಗೈಯ ಮಣಿಕಟ್ಟು ಮುರಿದಿತ್ತು. ಇನ್ನೇನೂ ಆಗಲಿಲ್ಲ ಎಂದು ಎಲ್ಲರೂ ಹೇಳಿದರು. ಆ ‘ಇನ್ನೇನೂ’ ಎಂಬುದರಲ್ಲಿ ಏನೇನು ಇರಬಹುದಿತ್ತೋ ಅದನ್ನೆಲ್ಲ ನಾನು ಒಬ್ಬನೇ ಎಣಿಸಿದ್ದೇನೆ. ಆಸ್ಪತ್ರೆಗೆ ಓಡಿಹೋದೆ. ಪ್ಲಾಸ್ಟರು ಹಾಕಿಸಿಕೊಂಡು ಕೂತವಳು ನನ್ನನ್ನು ನೋಡಿ, “ನಂದ ತಪ್ಪಣ್ಣಾ. ಪ್ಯಾಡು ಆರಿಸೂದ್ರಾಗ ಲೆಕ್ಕಾ ತಪ್ಪಿದೆ. ಮಾಮಾರಿಗೂ ಎಲ್ಲಾರಿಗೂ ತಪ್ಪಾತು ಅಂತ ಹೇಳಿ ಬಂದೇನಿ” ಎಂದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸು ಬಂದರು. ಯಾರ ಬರವಿಗಾದರೂ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಗಾಡಿ ರಿಪೇರಿಗೆ ನನ್ನ ಬಳಿಗೇ ಬಂತು. ಸುಟ್ಟು ಕರಿದಾಗಿದ್ದ ನನ್ನ ಪ್ಯಾಡುಗಳನ್ನು ಬಿಚ್ಚಿ ಮೊದಲು ಭಂಗಾರಕ್ಕೆ, ಅಂದರೆ ಗುಜರಿಗೆ, ಎಸೆದೆ. ಆಮೇಲೆ ಒಂದು ತಿಂಗಳು ಕೆಲಸ ಮಾಡಿ, ಡಬ್ಬಿ ತೆಗೆದು ನೋಡಲೂ ಧೈರ್ಯವಿಲ್ಲದೆ, ಮತ್ತೆ ನನ್ನ ಮೆತ್ತಗಿನವನ್ನೇ ಹಾಕಿ ಗಾಡಿಯನ್ನು ಹೊಸದರಂತೆ ಮಾಡಿಕೊಟ್ಟೆ. ಬಣ್ಣವನ್ನೂ ಹೊಡೆಸಿದೆ. ಅವಳು ಅದನ್ನು ಫೌಂಡ್ರಿಗೆ ಓಡಿಸಿದಳು, ಖಾನಾಪುರಕ್ಕೆ ಒಯ್ಯಲಿಲ್ಲ. ಕೈ ಆರು ವಾರದಲ್ಲಿ ಕೂಡಿತು. ಕೂಡದೆ ಉಳಿದದ್ದು ಬೇರೆ. ಮೊದಲು ಅವಳು ಎರಕದ ತುಂಡಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿ, ಅದರ ನಾದ ಕೇಳಿ, ನಡಿ ಎಂದರೆ ನಡಿ, ಬ್ಯಾಡ ಎಂದರೆ ಬ್ಯಾಡ. ಈಗ ಎರಡೆರಡು ಸಲ ನೋಡಿ, ಪಕ್ಕದವರನ್ನು ಕರೆದು ತೋರಿಸುತ್ತಾಳಂತೆ. “ಏನೋ, ನನ್ನ ಮ್ಯಾಲೆ ನನಗ ಭರವಸಾ ಉಳಿದಿಲ್ಲಣ್ಣಾ” ಎಂದು ಚಹಾ ಕುಡಿಯುತ್ತ ನಗುತ್ತಾಳೆ. ಮೇಲಧಿಕಾರಿಯ ಜಾಗ ಖಾಲಿಯಾದಾಗ ಅರ್ಜಿ ಹಾಕಲೂ ಇಲ್ಲ. ಒಬ್ಬರ ಮುರಿದ ಕೈಗೆ ಪ್ಲಾಸ್ಟರು ಹಾಕಬಹುದು. ಇದಕ್ಕೆ ಏನು ಹಾಕಬೇಕೆಂದು ನನಗೆ ಗೊತ್ತಿತ್ತು, ಹಾಕುವ ಕೈ ಏಳಲಿಲ್ಲ.

ತಪ್ಪಿತಸ್ಥನು ಎಂಥಾ ಉಪಾಯಗಾರನಾಗುತ್ತಾನೆ ನೋಡಿ. ದಸರೆಯಲ್ಲಿ ನಮ್ಮ ಕಡೆ ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೂಣು ಎನ್ನುತ್ತಾರೆ. ವರ್ಷದ ಮುನಿಸು, ಮನಸ್ತಾಪ ಎಲ್ಲ ಅದರಲ್ಲಿ ಮುಗಿಯಬೇಕು. ಶೈಲಾಳ ಕೈಗೆ ಬನ್ನಿ ಇಟ್ಟರೆ ಕ್ಷಮೆ ಕೇಳಿದ ಹಾಗೆಯೇ ಆಗುತ್ತದೆ, ಬಾಯಿ ಬಿಡುವ ಕೆಲಸ ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಒಂದಲ್ಲ, ಒಂದು ಮುಷ್ಟಿ ಬನ್ನಿ ಕೊಟ್ಟೆ. ಅವಳು “ಇಷ್ಟ್ಯಾಕೋ, ಆಡಿಗೆ ಹಾಕಾಕೇನು?” ಎಂದು ನಕ್ಕು, ಬಗ್ಗಿ, ಕೂಡಿದ ಆ ಕೈಯಿಂದಲೇ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ದೀಪಾವಳಿಯ ಮುಂಚೆ ಅಂಗಡಿ ಸ್ವಚ್ಛ ಮಾಡುವಾಗ ಎಣ್ಣೆಯ ಕ್ಯಾನುಗಳ ಹಿಂದಿನ ಡಬ್ಬಿ ಮತ್ತೆ ಕೈಗೆ ಸಿಕ್ಕಿತು. ಆಗ ಒಂದು ಕೆಲಸ ಮಾಡಿದೆ. ನನ್ನದೊಂದು ಪ್ಯಾಡು, ಅವಳದೊಂದು ಪ್ಯಾಡು ಪಕ್ಕಪಕ್ಕ ಇಟ್ಟು ಗ್ಯಾಸಿನ ಉರಿ ಹಿಡಿದು ಕಾಯಿಸಿದೆ. ಇಕ್ಕಳದಲ್ಲಿ ಹಿಡಿದು ಹಳೆಯ ಡಿಸ್ಕಿಗೆ ತಿಕ್ಕಿದೆ. ನನ್ನದು ಹೊಗೆ ಬಿಟ್ಟು, ಮುಖಕ್ಕೆ ಗಾಜಿನಂಥ ಹೊಳಪು ಬಂದು, ಜಾರತೊಡಗಿತು. ಅವಳದು ಕಾದಷ್ಟೂ ಕಚ್ಚಿ ಹಿಡಿಯುತ್ತಿತ್ತು. ಆರು ವರ್ಷದವಳಿದ್ದಾಗ ಚಪ್ಪಲಿಯ ಬಗ್ಗೆ ಹೇಳಿದ್ದನ್ನೇ ಅವಳು ನೋಟುಬುಕ್ಕಿನಲ್ಲಿ ಬರೆದಿದ್ದಳು. ಇಪ್ಪತ್ತೆಂಟು ವರ್ಷದ ಅನುಭವಿ ನಾನು ಇದನ್ನು ಹತ್ತು ನಿಮಿಷದಲ್ಲಿ ಕಲಿತೆ. ಕಲಿಯಲು ಉಪಕರಣವೆಲ್ಲ ಅಂಗಡಿಯಲ್ಲೇ ಇತ್ತು, ಮೊದಲಿನಿಂದಲೂ.

ಡಿಸೆಂಬರಿನಲ್ಲಿ ಒಂದು ಸಂಜೆ ಶೈಲಾ ಬಂದಳು. ಚಹಾ ಕುಡಿದು ಲೋಟ ಕೆಳಗಿಟ್ಟಳು.

“ಅಣ್ಣಾ, ಬರೂ ರವಿವಾರ ಮತ್ತ ಒಮ್ಮೆ ಹೋಗಿ ನೋಡ್ಲಿ ಅಂತ ಅನಸಾಕತ್ತೈತಿ.”

ನನಗೆ ಕುಣಿಯಬೇಕೆನಿಸಿತು. “ಹೋಗವಾ, ಹೋಗು!”

“ಪ್ಯಾಡು ಮಾತ್ರ ನೀನ ಆರಿಸು. ನಾ ಆರಿಸಿದ್ದು ಏನಾತು ನೋಡೇವಲ್ಲ.”

ಈಗಲಾದರೂ ಹೇಳಬೇಕಿತ್ತು. “ಹೂಂ” ಎಂದೆ. ಶನಿವಾರ ಆ ಡಬ್ಬಿಯ ನಾಲ್ಕರಲ್ಲಿ ಉಳಿದಿದ್ದ ಅವಳ ಮೂರು ಪ್ಯಾಡಿಗೆ ಅದೇ ಜಾತಿಯ ಹೊಸದೊಂದನ್ನು ತರಿಸಿ ಸರಿಗೂಡಿಸಿ ಹಾಕಿದೆ. ಉರಿ ಹಿಡಿದು ಪರೀಕ್ಷೆ ಮಾಡಿದ್ದನ್ನು ಮಾತ್ರ ಬಿಟ್ಟೆ. ಬ್ರೇಕಿನ ಎಣ್ಣೆಯನ್ನೂ ಬದಲಿಸಿದೆ; ಕಾದರೆ ಅದೂ ಕುದಿಯುತ್ತದೆ ಎಂದು ಅವಳ ನೋಟುಬುಕ್ಕಿನಲ್ಲೇ ಇತ್ತು. ಹತ್ತು ಸಲ ಪಳಗಿಸಿದೆ. ಒಂದೇ ಪ್ಯಾಡಿನ ಮೇಲೆ ಎರಡು ಸುಳ್ಳು ಹೇಳಿದ ಮಿಸ್ತ್ರಿ ಬೆಳಗಾವಿ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದೇನು.

ರವಿವಾರ ಅವಳ ಜೊತೆ ನಾನೂ ಹೋದೆ. ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಎರಡು ಸಲ ಬಿಚ್ಚಿ ಮತ್ತೆ ಬಿಗಿದುಕೊಂಡಳು. ಮೊದಲ ಎರಡು ಸುತ್ತು ಊರೊಳಗೆ ಓಡಿಸಿದಂತೆ ಓಡಿಸಿದಳು. ಮೂರನೆಯದರಲ್ಲಿ ಸ್ವಲ್ಪ ಬಿಟ್ಟಳು. ನಾಲ್ಕನೆಯ ಸುತ್ತು ಬಂದಾಗ ನಾನು ಹಂಚಿನ ಗುಡ್ಡೆಯ ಕಡೆ ಬೆನ್ನು ಮಾಡಿ ನಿಂತೆ. ಬ್ರೇಕು ಕಿರುಚಿತು, ಟಾಯರು ಸೀಟಿ ಹಾಕಿತು, ತಿರುಗಿ ನೋಡಿದರೆ ಗಾಡಿ ತಿರುವು ದಾಟಿ ಆಚೆ ಹೋಗುತ್ತಿತ್ತು. ಎಂಟು ಸುತ್ತು. ಇಳಿದು ಬಂದಾಗ ಅವಳ ಮುಖ ಸೈಕಲ್ಲಿನ ಕಾಲದ್ದು.

“ಏನ ಹಿಡಿತಾವಣ್ಣಾ ಇವು! ಒದರತಾವ ಖರೇ, ಆದ್ರ ಹಿಡಿತಾವ ನೋಡು!”

ಪಾಟೀಲ ಮಾಮಾ ನನ್ನ ಬೆನ್ನು ತಟ್ಟಿದರು. “ಅರೇ ವಾ ಮಿಸ್ತ್ರಿ, ಪ್ಯಾಡು ಆರಿಸೂದಂದ್ರ ಹಿಂಗ. ಏಕ್ ನಂಬರ್!”

ಹಲ್ಲಿನ ಡಾಕ್ಟರು ಶೈಲಾಗೆ ಹೇಳಿದರು: “ಇನ್ನ ಮ್ಯಾಲೆ ಅಣ್ಣನ್ನ ಕೇಳೇ ತಗೋರಿ ನೀವು.”

“ಹೌದ್ರೀ ಡಾಕ್ಟರ. ನನಗೆಲ್ಲಿ ತಿಳೀತೈತಿ?” ಎಂದಳು ಶೈಲಾ. ನಗುತ್ತಲೇ ಎಂದಳು.

ಆ ನಗು ತಡೆಯಲಾಗಲಿಲ್ಲ. ಅವಳ ತೋಳು ಹಿಡಿದು ಗಾಡಿಯ ಹಿಂದೆ ಕರೆದೊಯ್ದು, ಇವು ನಾನು ಆರಿಸಿದವಲ್ಲ, ನೀನು ಆರಿಸಿದ ಜಾತಿಯವೇ, ಸಂಕ್ರಾಂತಿಯ ಹೊತ್ತಿಗೆ ಹಾಕಿ ಬಿಚ್ಚಿದ್ದೆ ಎಂದು ಮೆಲ್ಲಗೆ ಶುರುಮಾಡಿದೆ. ದೇಶಪಾಂಡೆ ಕಾಕಾ ಏನಂದರು, ಬೆಂಚಿನವರು ಹೇಗೆ ನಕ್ಕರು, ನಾನು ಸಂಜೆ ಹೇಳಬೇಕೆಂದೇ ಹೇಗೆ ಇದ್ದೆ, ನರ್ಸು ಹೇಗೆ ಬಂದರು, ಎಲ್ಲ ಹೇಳಿದೆ. ಕೈಗವಸು ಬಿಚ್ಚುತ್ತಿದ್ದವಳು ಅರ್ಧಕ್ಕೆ ನಿಂತಳು.

“ಮತ್ತ ಅವತ್ತ ಯಾವ ಹಾಕಿದ್ದಿ?”

“ಕಾಕಾರ ಗಾಡಿಗೆ ಹಾಕ್ತೀನಲ್ಲ, ಅವು.”

“ದೇಶಪಾಂಡೆ ಕಾಕಾರ ಪ್ಯಾಡು ಹಾಕಿ ನನ್ನ ಇಲ್ಲಿಗೆ ಕಳಿಸಿದ್ಯಾ?” ಬಿಚ್ಚಿದ ಕೈಗವಸಿನಿಂದ ನನ್ನ ಭುಜಕ್ಕೆ ಒಂದು ಬಾರಿಸಿದಳು. ಇನ್ನೊಂದು ಬಾರಿಸಿದಳು. ಮೂರನೆಯದು ಬೀಳಲಿಲ್ಲ. ಗಾಡಿಗೆ ಒರಗಿ ನಿಂತು ಕಣ್ಣೊರೆಸಿಕೊಂಡಳು. ನನಗಲ್ಲ, ತನಗೇ ಎಂಬಂತೆ ಹೇಳಿಕೊಂಡಳು: “ಅಂದ್ರ ನನ್ನ ಲೆಕ್ಕಾ ಸರಿ ಇತ್ತು.”

“ಸರಿ ಇತ್ತವಾ. ಅದನ ಹೇಳಾಕ... ಕಾಕಾ ಹಂಗ ಅಂದಿರಲಿಲ್ಲಂದ್ರ ನಾನೂ...”

“ಕಾಕಾರ ಕಥಿ ಸಾಕು. ಒಂದ ವರ್ಷ ನಾ ದಡ್ಡಿ ಅಂತ ತಿಳ್ಕೊಂಡು ತಿರಗೇನಿ. ಇವರೆಲ್ಲಾರ ಮುಂದ ನಾ ತಪ್ಪಾತು ಅಂದಿದ್ದೆ. ಈಗ ನೀ ಅನ್ನು. ಇಲ್ಲಿ ಸಂದ್ಯಾಗ ನಿಂತಲ್ಲ. ಅಲ್ಲಿ ನಡಿ.”

ಕಾರಣ ಹೇಳುವುದನ್ನೇ ತಪ್ಪೊಪ್ಪಿಗೆ ಎಂದುಕೊಂಡು ನಾನು ಅಷ್ಟು ಹೊತ್ತು ಮಾತಾಡಿದ್ದೆ ಎಂಬುದು ಆಗ ತಿಳಿಯಿತು. ಮಾಮಾ, ಡಾಕ್ಟರು, ಕಾಜೂ ವ್ಯಾಪಾರಿ ಎಲ್ಲ ಚಹಾದ ಲೋಟ ಹಿಡಿದು ನಿಂತಿದ್ದಲ್ಲಿಗೆ ಹೋದೆ. ಬಯಲಿನ ಆ ತುದಿಯವರೂ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದೆ:

“ಶೈಲಾನ ಲೆಕ್ಕಾ ಸರಿ ಇತ್ತ್ರೀ, ಅವತ್ತೂ ಇವತ್ತೂ. ಆಕಿ ಆರಿಸಿದ ಪ್ಯಾಡು ಬಿಚ್ಚಿದಾವ ನಾನು, ಅದನ್ನ ಮುಚ್ಚಿಟ್ಟಾವನೂ ನಾನು. ಶೈಲಾ, ನನ್ನ ತಪ್ಪಾತವಾ.”